ಮೂರು ಉಂಡೆ ಅಲ್ಪಾಕಾ

ಕುರಿ ಸಾಕುವವರ ಮನೆಗೆ ಹೊರಗಿನಿಂದ ಉಣ್ಣೆ ಬಂತೆಂದರೆ ನಗದವರು ಯಾರು? ಅನುಸೂಯಾ ನಿಪ್ಪಾಣಿಯಿಂದ ತಂದ ಮೂರು ನೂಲಿನ ಉಂಡೆಗಳನ್ನು ಚೀಲದಿಂದ ತೆಗೆದು ಪಡಸಾಲೆಯ ಚಾಪೆಯ ಮೇಲಿಟ್ಟಾಗ ಮೊದಲು ನಕ್ಕವನು ಅವಳ ಮಾವ ಹಾಲಸಿದ್ದ. ನಗುವುದಕ್ಕೆ ಅವನಿಗೆ ಹಕ್ಕೂ ಇತ್ತು. ಕೊಗನೊಳ್ಳಿಯ ಆ ಮನೆಯ ಹಿತ್ತಲಲ್ಲಿ ನಲವತ್ತು ಕುರಿಗಳಿದ್ದವು. ವರ್ಷಕ್ಕೆ ಎರಡು ಸಲ ಅವುಗಳ ಮೈಯಿಂದ ಕತ್ತರಿಸಿದ ಕರಿ ಉಣ್ಣೆಯನ್ನು ಕೇಳುವವರಿಲ್ಲದೆ, ಅವನೇ ಹೊತ್ತುಕೊಂಡು ಹೋಗಿ ಕಬ್ಬಿನ ಹೊಲದ ಬದುವಿಗೆ ಸುರಿದು ಬರುತ್ತಿದ್ದ.

“ಮಾವಿನ ತ್ವಾಟದಾಗ ಕುಂತು ಪ್ಯಾಟ್ಯಾಗಿನ ಉಪ್ಪಿನಕಾಯಿ ತರಿಸಿದಂಗಾತು ನಮ್ಮ ಸೊಸಿ ಕಥಿ,” ಅಂದ.

“ಅಜ್ಜಾ, ಇದು ಕುರೀದಲ್ಲ,” ಎಂದು ಮೊಮ್ಮಗಳು ಶೈಲಾ ಮೊಬೈಲು ಹಿಡಿದು ಬಂದಳು. ಅವಳು ನಿಪ್ಪಾಣಿಯಲ್ಲಿ ಪಿಯುಸಿ ಓದುತ್ತಿದ್ದಳು. ಮನೆಯಲ್ಲಿ ಯಾರಿಗೆ ಏನು ತಿಳಿಯದಿದ್ದರೂ ಅವಳ ಮೊಬೈಲಿಗೆ ತಿಳಿದಿರುತ್ತಿತ್ತು. “ಅಲ್ಪಾಕಾ ಅಂತ ಪ್ರಾಣಿ ಐತಿ. ಇಲ್ಲಿ ನೋಡು. ದಕ್ಷಿಣ ಅಮೆರಿಕಾದಾಗ ಗುಡ್ಡದ ಮ್ಯಾಲ ಇರ್ತೈತಿ.”

ಹಾಲಸಿದ್ದ ಚಿತ್ರವನ್ನು ದೂರ ಹಿಡಿದು ನೋಡಿದ. “ಒಂಟಿ ಕುತಗಿ, ಕುರಿ ಮೈ. ಹಾಲ ಕೊಡ್ತೈತೇನ?”

“ಅದೆಲ್ಲ ನಂಗೊತ್ತಿಲ್ಲ.”

“ಮತ್ತ ಏನ ಗೊತ್ತೈತಿ ನಿನಗ?”

ಅನುಸೂಯಾಳ ಅತ್ತೆ ಭೀಮಾಬಾಯಿ ಮಾತ್ರ ನಗಲಿಲ್ಲ. ಒಂದು ಉಂಡೆಯ ತುದಿಯನ್ನು ಬಿಡಿಸಿ, ಬೆರಳ ನಡುವೆ ಹೊಸಕಿ, ಎಳೆಯ ಹುರಿ ಬಿಚ್ಚಿ ನೋಡಿದಳು. ಹತ್ತು ವರ್ಷದ ಹಿಂದಿನ ತನಕ ಆ ಮನೆಯಲ್ಲಿ ಕಂಬಳಿ ನೇಯುತ್ತಿದ್ದರು. ಭೀಮಾಬಾಯಿ ನೂತ ನೂಲು, ಅವಳು ಹದ ಮಾಡಿದ ಕಂಬಳಿ ಎಂದರೆ ಸುತ್ತಲ ಹಳ್ಳಿಗಳಲ್ಲಿ ಹೆಸರಿತ್ತು. ಮಿಲ್ಲಿನ ರಗ್ಗು ಬಂದ ಮೇಲೆ ಮಗ್ಗ ಬಿಚ್ಚಿ, ಅದರ ಕಟ್ಟಿಗೆಯಿಂದ ಕುರಿ ದೊಡ್ಡಿಗೆ ಬಾಗಿಲು ಮಾಡಿಸಿದ್ದರು. ಅಂದಿನಿಂದ ಅವಳು ಮನೆಯಲ್ಲಿ ಸುಮ್ಮನೆ ಕೂತ ಹೆಂಗಸು. ಸುಮ್ಮನೆ ಕೂತವರಿಗೆ ಬರುವ ಸಿಟ್ಟೆಲ್ಲ ಅವಳಿಗೂ ಬಂದಿತ್ತು.

“ಯಾರ ನೂತಾರ ಇದನ್ನ?” ಎಂದು ಕೇಳಿದಳು.

“ಮಶೀನ್ ನೂತೈತ್ರಿ ಅತ್ಯಾರ.”

“ಅದಕ್ಕಽ,” ಎಂದು ಉಂಡೆಯನ್ನು ಚಾಪೆಯ ಮೇಲೆ ಉರುಳಿಬಿಟ್ಟಳು. ಅದಕ್ಕೆ ಅಂದರೆ ಯಾವುದಕ್ಕೆ ಎಂದು ಹೇಳಲಿಲ್ಲ.

ರೊಟ್ಟಿ ಬಡಿಯುತ್ತ ಅನುಸೂಯಾ ಎಲ್ಲರಿಗೂ ಸಂಗತಿ ಹೇಳಿದಳು. ಅವಳು ಹನ್ನೆರಡು ವರ್ಷದಿಂದ ನಿಪ್ಪಾಣಿಯ ತಂಬಾಕಿನ ವಖಾರಿಗೆ, ಅಂದರೆ ಗೋದಾಮಿಗೆ, ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಜರಡಿ ಹಿಡಿದು ತಂಬಾಕು ಚಾಳಿಸುವ ಕೆಲಸ. ಎರಡು ವರ್ಷದಿಂದ ಕೆಮ್ಮು ಹಿಡಿದಿತ್ತು. ಡಾಕ್ಟರು ಮೂರು ಸಲ ಗುಳಿಗೆ ಕೊಟ್ಟು ನಾಲ್ಕನೆಯ ಸಲ ‘ಗುಳಿಗೆಯಿಂದ ಆಗೂದಿಲ್ಲ, ಧೂಳಿ ಬಿಡ್ರಿ’ ಎಂದಿದ್ದರು. ಧೂಳು ಬಿಡುವುದೆಂದರೆ ವಖಾರಿ ಬಿಡುವುದು. ವಖಾರಿ ಬಿಟ್ಟರೆ ಶನಿವಾರದ ಪಗಾರ ಇಲ್ಲ, ಪಗಾರ ಇಲ್ಲದ ಸೊಸೆ ಆ ಮನೆಯಲ್ಲಿ ಕೆಮ್ಮಿದರೂ ತಪ್ಪು, ಕೆಮ್ಮದಿದ್ದರೂ ತಪ್ಪು. ಬಿಡುವಿನಲ್ಲಿ ಕ್ರೋಶಾ ಹೆಣಿಗೆ ಕಲಿತು, ಬಸ್ ಸ್ಟ್ಯಾಂಡಿನ ಹತ್ತಿರ ಉಲನ್ ಅಂಗಡಿ ಇಟ್ಟ ರಾಜಾರಾಮ ಶೇಟನಿಗೆ ಟೊಪ್ಪಿಗೆ, ಸ್ವೆಟರು, ಬಾಗಿಲ ತೋರಣ ಹೆಣೆದು ಕೊಡುತ್ತಿದ್ದಳು. ಈಗ ಶೇಟನಿಗೆ ಪುಣೆಯ ಒಬ್ಬ ಹೆಂಗಸಿನಿಂದ ಅಲ್ಪಾಕಾ ಶಾಲಿನ ಕೆಲಸ ಬಂದಿತ್ತು. ವರ್ಷಕ್ಕೆ ಮೂವತ್ತು ಶಾಲು, ಪ್ರತಿ ವರ್ಷ. ಕೆಲಸ ಒಬ್ಬಳಿಗೇ, ಅನುಸೂಯಾಳಿಗೋ ಅಥಣಿಯ ಇನ್ನೊಬ್ಬ ಹೆಂಗಸಿಗೋ. ದೀಪಾವಳಿ ಪಾಡ್ಯ ಕಳೆದ ಸೋಮವಾರ ಒಂದು ಶಾಲು ಮಾಡಿ ತಂದು ತೋರಿಸಬೇಕು.

“ಇದೊಂದು ಸಿಕ್ಕರ ನಾ ವಖಾರಿ ಬಿಡ್ತೀನಿ,” ಅಂದಳು ಅನುಸೂಯಾ.

ಗಂಡ ಶಿವಾಜಿ ಆಗತಾನೇ ಟ್ರ್ಯಾಕ್ಟರ್ ನಿಲ್ಲಿಸಿ ಬಂದು ಕಾಲು ತೊಳೆದು ಕೂತಿದ್ದ. “ಸಿಕ್ಕಿಂದ ಮಾತಾಡೂನು. ಮೊದಲ ಪಲ್ಯಾ ನೀಡು,” ಅಂದ.

ಶೇಟನ ಷರತ್ತು ಒಂದೇ. ಮೂರು ಉಂಡೆಯನ್ನು ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟು ಹೇಳಿದ್ದ: “ವೈನಿ, ಈ ಬೂದಿ ಬಣ್ಣದ್ದು ಬರೇ ಅಲ್ಪಾಕಾ. ಈ ಕಂದು ಬಣ್ಣದ್ರಾಗ ಅರ್ಧ ಕುರಿ ಉಣ್ಣಿ ಐತಿ. ಇದ್ರಾಗ ರೇಷ್ಮಿ. ಆರು ಫೂಟಿನ ಶಾಲಿಗೆ ಯಾವ್ದು ಅಂತ ನೀವಽ ಆರಿಸಿ ಹೇಳ್ರಿ, ಅದರ ಉಂಡಿ ಬೇಕಾದಷ್ಟು ಕೊಡ್ತೀನಿ. ನಾ ಬಾಯಿ ಬಿಡಂಗಿಲ್ಲ. ನೂಲ ಆರಿಸಾಕ ಬರದವ್ರಿಗೆ ಇಷ್ಟ ತುಟ್ಟಿ ನೂಲ ಕೊಟ್ಟು ನಾ ಏನ ಮಾಡ್ಲಿ?”

ಭಾನುವಾರ ಅನುಸೂಯಾ ಮೂರೂ ನೂಲಿನಲ್ಲಿ ಅಂಗೈಯಗಲದ ಒಂದೊಂದು ತುಂಡು ಹೆಣೆದಳು. ರೇಷ್ಮೆ ಬೆರೆತದ್ದು ಸೂಜಿಯಿಂದ ಜಾರಿ ಜಾರಿ ಹೋಗುತ್ತಿತ್ತು, ಅದನ್ನು ಬಿಟ್ಟಳು. ಕಂದು ಬಣ್ಣದ್ದು ಚೆನ್ನಾಗಿಯೇ ಬಂತು, ಗಂಟು ಗಂಟೂ ಎದ್ದು ಕಾಣುತ್ತಿತ್ತು, ಆದರೆ ಕೈಗೆ ಅಷ್ಟಿಷ್ಟು ಒರಟು. ಬೂದಿ ಬಣ್ಣದ ಶುದ್ಧ ಅಲ್ಪಾಕಾ ತುಂಡನ್ನು ಕೆನ್ನೆಗೆ ಒತ್ತಿಕೊಂಡಾಗ ಅವಳಿಗೆ ಅಳುವೇ ಬರುವ ಹಾಗಾಯಿತು. ಅಷ್ಟು ಮೆತ್ತಗಿನ ವಸ್ತು ಅವಳ ಕೈಯಿಂದ ಅದುವರೆಗೆ ಹುಟ್ಟಿರಲಿಲ್ಲ.

ಭೀಮಾಬಾಯಿ ಬಂದು ಪಕ್ಕ ಕೂತಳು. ಕರೆಯದೆ ಕೂತಳು. ಬೂದಿ ತುಂಡನ್ನು ಎರಡೂ ಕೈಯಿಂದ ಜಗ್ಗಿ ಬಿಟ್ಟಳು. ಕಂದು ತುಂಡನ್ನು ಜಗ್ಗಿ ಬಿಟ್ಟಳು. ಆಮೇಲೆ ಬೂದಿ ತುಂಡನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಅದರ ಕೆಳಗಿನ ಅಂಚಿಗೆ ದಾರ ಪೋಣಿಸಿ ಒಂದು ತುಂಬಿದ ತಂಬಿಗೆಯನ್ನು ಕಟ್ಟಿದಳು.

“ಏನ ಮಾಡಾಕತ್ತೀರಿ ಅತ್ಯಾರ?”

“ನಾಳಿ ಮುಂಜಾನಿ ನೋಡು, ಗೇಣುದ್ದ ಆಗಿರ್ತೈತಿ. ಇದಕ್ಕ ಹಿಡಿತ ಇಲ್ಲ ಅನಸೂ. ಜಗ್ಗಿದ್ರ ಜಗ್ಗಿದಂಗಽ ಉಳೀತೈತಿ. ಆ ಕಂದಂದ್ರಾಗ ಕುರಿ ಐತಿ, ಅದು ತಿರುಗಿ ಬರ್ತೈತಿ. ಅದನ್ನ ತಗೋ.”

ಮುದುಕಿ ಒಳ್ಳೆಯ ಮಾತೇ ಹೇಳಿದ್ದಳು, ಹೇಳಿದ ಬಗೆಯಲ್ಲೂ ಕೊಂಕಿರಲಿಲ್ಲ. ಆದರೆ ಅನುಸೂಯಾ ರಾಯಬಾಗದ ಕಡೆಯಿಂದ ಕುರಿಯಿಲ್ಲದ ಮನೆಯಿಂದ ಬಂದವಳು. ಹದಿನೆಂಟು ವರ್ಷದಿಂದ ಕುರಿಯ ಹಿಕ್ಕೆ ಬಳಿದು, ಕುರಿಮರಿಗೆ ಬಾಟಲಿ ಹಿಡಿದು, ಕುರಿಯದೇ ಮಾತು ಕೇಳಿ ಸಾಕಾದವಳು. ಈ ಮನೆಯಲ್ಲಿ ಕುರಿ ಬೆರೆಯದ ಒಂದು ವಸ್ತುವಾದರೂ ತನ್ನದಾಗಲಿ ಎಂದು ಅವಳ ಜೀವ ಹಂಬಲಿಸುತ್ತಿತ್ತು. ಅದನ್ನು ಹಾಗೆಂದು ಬಾಯಿ ಬಿಟ್ಟು ಹೇಳಿಕೊಳ್ಳುವಷ್ಟು ಸಲಿಗೆ ಇರಲಿಲ್ಲ. ಎದ್ದು ಹೋಗಿ ತಂಬಿಗೆಯನ್ನು ಬಿಚ್ಚಿದಳು.

“ಇದು ಕಂಬಳಿ ಅಲ್ರಿ ಅತ್ಯಾರ. ನಿಮಗ ತಿಳಿಯಂಗಿಲ್ಲ.”

“ತಿಳಿಯಂಗಿಲ್ಲ?” ಭೀಮಾಬಾಯಿ ಸೊಸೆಯ ಮುಖ ನೋಡಿದಳು. “ಹೌದು ಬಿಡು. ಮಶೀನ್ ನೂತದ್ದು ನಮಗೆಲ್ಲಿ ತಿಳೀಬೇಕು.”

“ಆಯಿ, ಸಿಟ್ಟಾಗಬ್ಯಾಡ,” ಎಂದು ಶೈಲಾ ಅಜ್ಜಿಯ ಸೆರಗು ಹಿಡಿದಳು. “ಅವ್ವಾ, ಲೇಬಲ್ ಮ್ಯಾಲೂ ಏನೇನೋ ಬರದೈತಿ. ತಣ್ಣೀರಾಗ ತೊಳೀಬೇಕಂತ, ತಿಕ್ಕಬಾರ್ದಂತ. ಆಯಿಗೂ ಓದಿ ಹೇಳ್ಲ್ಯಾ?”

“ಆಯಿಗೆ ಯಾಕ? ಆಯಿ ಏನ ಇದನ್ನ ತೊಳ್ಯಾಕ ಹೊಂಟಾರ?” ಎಂದು ಅನುಸೂಯಾ ಲೇಬಲನ್ನು ಮಡಿಚಿ ಟ್ರಂಕಿನಲ್ಲಿ ಇಟ್ಟಳು.

ಸೋಮವಾರ ಹೋಗಿ ಶೇಟನಿಗೆ ‘ಬೂದಿ ಬಣ್ಣದ್ದು’ ಅಂದಳು. ಶೇಟ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಎಂಟು ಉಂಡೆ ಎಣಿಸಿ ಕೊಟ್ಟ.

ಆಮೇಲಿನ ಮೂರು ವಾರ ಆ ಮನೆಯಲ್ಲಿ ಯಾರಿಗೂ ಹೊತ್ತಿಗೆ ಸರಿಯಾಗಿ ಊಟ ಸಿಗಲಿಲ್ಲ. ಅನುಸೂಯಾ ವಖಾರಿಯಿಂದ ಬಂದವಳೇ ಸೂಜಿ ಹಿಡಿಯುತ್ತಿದ್ದಳು. ಒಲೆಯ ಮೇಲೆ ಬೇಳೆ ಹೊತ್ತುತ್ತಿತ್ತು. ಶೈಲಾ ಬಡಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದು, ಯಾವ ದೇಶದ ನಕ್ಷೆ ಎಂದು ಹಾಲಸಿದ್ದ ದಿನಾ ಕೇಳುತ್ತಿದ್ದ. ಕೊನೆಕೊನೆಗೆ ಅನುಸೂಯಾ ವಾರಕ್ಕೆ ಎರಡು ದಿನ ವಖಾರಿಗೆ ರಜೆ ಹಾಕಿದಳು. ಮೊದಲ ಶನಿವಾರ ಪಗಾರ ಕಡಿಮೆ ಬಂದಾಗ ಶಿವಾಜಿ ಸುಮ್ಮನಿದ್ದ, ಎರಡನೆಯ ಶನಿವಾರ ಸುಮ್ಮನಿರಲಿಲ್ಲ.

“ಒಂದ ಶಾಲಿನ ಸಲುವಾಗಿ ಮನಿ ಮಂದಿ ಉಪಾಸ ಬೀಳಬೇಕೇನ?”

“ಉಪಾಸ ಯಾರ ಬಿದ್ದಾರ? ಸಂಜೀಕ ಆರ ರೊಟ್ಟಿ ಉಂಡೀರಿ.”

“ಎಣಿಸಾಕತ್ತೀಯೇನ ನನ್ನ ರೊಟ್ಟಿ?”

“ನೀವು ನನ್ನ ರಜಾ ಎಣಿಸ್ತೀರಿ, ನಾ ನಿಮ್ಮ ರೊಟ್ಟಿ ಎಣಿಸ್ತೀನಿ.”

ಹಾಲಸಿದ್ದ ಕೆಮ್ಮಿದ. ಆ ಮನೆಯಲ್ಲಿ ಗಂಡಸರ ಕೆಮ್ಮಿಗೆ ಮಾತು ನಿಲ್ಲಿಸುವ ಶಕ್ತಿ ಇತ್ತು. ಹೆಂಗಸರ ಕೆಮ್ಮಿಗೆ ಅದಿಲ್ಲ. ಶಿವಾಜಿ ಎದ್ದು ಹೊರಗೆ ಹೋದ.

ವಿಚಿತ್ರವೆಂದರೆ ಆ ದಿನಗಳಲ್ಲಿ ಅತ್ತೆಯೇ ಮೆತ್ತಗಾದಳು. ಸೊಸೆ ಹೆಣೆಯುತ್ತಿದ್ದರೆ ಬಾಗಿಲ ಹತ್ತಿರ ಕೂತು ನೋಡುತ್ತಿದ್ದಳು. ಒಂದು ಮಧ್ಯಾಹ್ನ ತಾನೇ ಚಹಾ ಮಾಡಿ ತಂದು ಪಕ್ಕದಲ್ಲಿಟ್ಟಳು. “ನಿನ್ನ ಕೈ ಒಂದ ಸಮ ಐತಿ ಅನಸೂ. ಸಾಲ ಎಲ್ಲೂ ಬಿಗಿ ಇಲ್ಲ, ಸಡಿಲ ಇಲ್ಲ,” ಅಂದಳು. ಹದಿನೆಂಟು ವರ್ಷದಲ್ಲಿ ಅವಳ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಅನುಸೂಯಾ ಚಹಾ ಕುಡಿದಳು. ಲೇಬಲಿನ ಮಾತು ಹೇಳಲು ಅದೇ ಹೊತ್ತಾಗಿತ್ತು. ಆದರೆ ಹೇಳಲು ಹೋದರೆ ತಂಬಿಗೆಯ ಮಾತೂ ಬರುತ್ತದೆ, ತಪ್ಪಾಯಿತೆಂದೂ ಅನ್ನಬೇಕಾಗುತ್ತದೆ. ಅವಳು ಮುಂದಿನ ಸಾಲು ಹೆಣೆಯತೊಡಗಿದಳು.

ನರಕ ಚತುರ್ದಶಿಯ ದಿನ ಶಾಲು ಮುಗಿಯಿತು. ಆರು ಫೂಟು ಉದ್ದ, ಅಂಚಿನ ಸುತ್ತ ಎಲೆಯ ಬಳ್ಳಿ. ಪಾಡ್ಯದ ದಿನ ಓಣಿಯ ಹೆಂಗಸರೆಲ್ಲ ಬಂದು ನೋಡಿ, ಮುಟ್ಟಿ, ‘ಬೆಕ್ಕಿನ ಮರಿ ಮುಟ್ಟಿದಂಗ ಆಗ್ತೈತಿ’ ಅಂದರು. ಮಡಿಚಿದರೆ ಗೆರೆ ಬೀಳುತ್ತದೆಂದು ಅನುಸೂಯಾ ಅದನ್ನು ಪಡಸಾಲೆಯ ಗಳಕ್ಕೆ ಉದ್ದಕ್ಕೆ ತೂಗಹಾಕಿದಳು. ಅಲ್ಲಿ ಅದು ಎರಡು ದಿನ ತೂಗಿತು.

ಭಾನುವಾರ ಬೆಳಿಗ್ಗೆ ಇಳಿಸಿ ಅಳೆದಾಗ ಶಾಲು ಏಳೂವರೆ ಫೂಟಾಗಿತ್ತು. ನಡು ಸಣ್ಣಗಾಗಿ, ಎಲೆಗಳೆಲ್ಲ ಉದ್ದಕ್ಕೆ ಎಳೆದುಕೊಂಡು, ನೀರಿಲ್ಲದ ಪಡವಲ ಬಳ್ಳಿಯ ಹಾಗೆ ಜೋತುಬಿದ್ದಿದ್ದವು. ಅನುಸೂಯಾ ಅಲ್ಲೇ ನೆಲಕ್ಕೆ ಕೂತು ಅತ್ತಳು. ಯಾರ ಎದುರಿಗೂ ಅಳದವಳು ಎಲ್ಲರ ಎದುರಿಗೂ ಅತ್ತಳು.

“ನಾಳಿಗೆ ಕೊಡಬೇಕು. ಇದನ್ನ ಹಿಡಕೊಂಡ ಹೆಂಗ ಹೋಗ್ಲಿ?”

ಭೀಮಾಬಾಯಿ ‘ನಾ ಹೇಳಿರಲಿಲ್ಲೇನು’ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಜಗಳವಾಗಿ, ಅದರಲ್ಲೇ ಎಲ್ಲ ಮಾತೂ ಹೊರಬೀಳುತ್ತಿತ್ತು. “ಮಗ್ಗದಿಂದ ಇಳದ ಕಂಬಳಿನೂ ಹಿಂಗಽ ಜೋಲ ಬೀಳ್ತೈತಿ. ಅತ್ತ ಏನ ಆಗೂದೈತಿ? ಅಳಬ್ಯಾಡ,” ಅಂದಳು ಅಷ್ಟೇ.

ಆ ಭಾನುವಾರ ವಖಾರಿಯಲ್ಲಿ ಹಬ್ಬದ ರಜೆಯ ಬದಲಿಗೆ ಕೆಲಸ ಇಟ್ಟಿದ್ದರು. ಬರದಿದ್ದರೆ ಹೆಸರು ಹೊಡೆದುಹಾಕುತ್ತೇನೆಂದು ಆಳುಗಳ ಮೇಸ್ತ್ರಿ ಮುಕಾದಮ ಹೇಳಿ ಕಳಿಸಿದ್ದ. ಅನುಸೂಯಾ ಕಣ್ಣೊರೆಸಿಕೊಂಡು ಹೋದಳು. ಸಂಜೆ ಬಂದು ತಣ್ಣೀರು ಸಿಂಪಡಿಸಿ, ಚಾಪೆಯ ಮೇಲೆ ಚಪ್ಪಟೆಯಾಗಿ ಹರವಿ, ಸುತ್ತ ಗುಂಡುಸೂಜಿ ಚುಚ್ಚಿ ಆರಿಸಿದರೆ ಅಷ್ಟಿಷ್ಟಾದರೂ ಸರಿಹೋದೀತು ಎಂದು ಟೆಂಪೋದಲ್ಲಿ ಲೆಕ್ಕ ಹಾಕುತ್ತಿದ್ದಳು.

ಆ ಮನೆತನದಲ್ಲಿ ಒಂದು ವಾಡಿಕೆ ಇತ್ತು. ಸೊಸೆ ಮಾಡಿದ ಮೊದಲ ಕಂಬಳಿಯನ್ನು ಅತ್ತೆಯೇ ಬಿಸಿನೀರಿನಲ್ಲಿ ತುಳಿದು, ಜೋಲು ಕುಗ್ಗಿಸಿ ಹದ ಮಾಡಿ ಮನೆಯಿಂದ ಹೊರಗೆ ಕಳಿಸಬೇಕು. ತುಳಿದ ಮೇಲೆ ಸೊಸೆ ಮನೆಯ ಮಗಳಾದಳು ಎಂದು ಲೆಕ್ಕ. ಭೀಮಾಬಾಯಿಯ ಮೊದಲ ಕಂಬಳಿಯನ್ನು ಅವಳ ಅತ್ತೆ ಜ್ವರ ಮೈಯಲ್ಲಿಟ್ಟುಕೊಂಡು ತುಳಿದಿದ್ದಳಂತೆ. ಅನುಸೂಯಾ ಮದುವೆಯಾಗಿ ಬಂದಾಗ ಮಗ್ಗ ಇನ್ನೂ ಇತ್ತು, ಆದರೆ ಅವಳು ಅದರ ಹತ್ತಿರ ಹೋದವಳಲ್ಲ. ಹೀಗಾಗಿ ಆ ವಾಡಿಕೆ ಹದಿನೆಂಟು ವರ್ಷ ಬಾಕಿ ಉಳಿದಿತ್ತು.

ಭೀಮಾಬಾಯಿ ಹಂಡೆಯಲ್ಲಿ ನೀರು ಕುದಿಸಿದಳು. ಅಂಟವಾಳ ಕಾಯಿ ಜಜ್ಜಿ ಹಾಕಿದಳು. ಹಿತ್ತಲ ಬಂಡೆಗಲ್ಲಿನ ಮೇಲೆ ಶಾಲು ಹರವಿ, ಬಿಸಿನೀರು ಸುರಿದು, ಗೋಡೆ ಹಿಡಿದುಕೊಂಡು ಎರಡೂ ಕಾಲಿನಿಂದ ತುಳಿದಳು. ಮಗ್ಗುಲು ತಿರುವಿ ತುಳಿದಳು, ಮಡಿಚಿ ತುಳಿದಳು. ಆಮೇಲೆ ಹುಣಸೆ ಬೀಜದ ತೆಳು ಗಂಜಿ ಹಾಯಿಸಿ ಬಿಸಿಲಿಗೆ ಹಾಕಿದಳು. ಅರವತ್ತೈದು ವರ್ಷದ ಕಾಲು ಮೂರು ತಾಸು ತುಳಿದಿತ್ತು. ಗಂಡ ಬಂದು ‘ಏನ ನಡಸೀದಿ’ ಅಂದದ್ದಕ್ಕೆ ನಗುತ್ತ, ‘ಸೊಸಿ ಕಂಬಳಿ ತುಳ್ಯಾಕತ್ತೇನಿ’ ಅಂದಳಂತೆ.

ಸಂಜೆ ಅನುಸೂಯಾ ಬಂದಾಗ ಹಿತ್ತಲ ಹಗ್ಗದ ಮೇಲೆ ಒಂದು ಬೂದಿ ಬಣ್ಣದ ಬಟ್ಟೆ ಒಣಗುತ್ತಿತ್ತು. ಮೂರು ಫೂಟೂ ಇರಲಿಲ್ಲ. ದಪ್ಪ, ಗಟ್ಟಿ, ನುಣ್ಣಗೆ. ಎಲೆಯಿಲ್ಲ, ಬಳ್ಳಿಯಿಲ್ಲ, ಒಂದು ಗಂಟೂ ಕಾಣುವುದಿಲ್ಲ. ಅದೇನೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಯಾರ ಮಾಡಿದ್ದು?” ಅಂದಳು.

“ನಾನಽ,” ಅಂದಳು ಭೀಮಾಬಾಯಿ. ಅವಳ ಮುಖವೂ ಬಿಳಿಚಿತ್ತು. “ಇಷ್ಟ ಕುಗ್ಗತೈತಿ ಅಂತ ತಿಳೀಲಿಲ್ಲ ಅನಸೂ. ಕುರೀದು ಗೇಣ ಕುಗ್ಗತೈತಿ, ನಿಂತ್ಬಿಡ್ತೈತಿ. ಇದು ನಿಲ್ಲಲಿಲ್ಲ.”

“ಕೇಳಬೇಕಿತ್ತಿಲ್ರಿ ನನ್ನ.”

“ಕೇಳಿದ್ರ ‘ನಿಮಗ ತಿಳಿಯಂಗಿಲ್ಲ’ ಅಂತಿದ್ದಿ.”

“ಬೇಕಂತ ಮಾಡೀರಿ. ನಾ ವಖಾರಿ ಬಿಟ್ಟ ಮನ್ಯಾಗ ಕುಂತೇನು ಅಂತ ಮಾಡೀರಿ.”

“ಅನಸೂ, ಬಾಯಿ ಸಡಿಲ ಬಿಡಬ್ಯಾಡ,” ಎಂದ ಶಿವಾಜಿ ಒಳಗಿನಿಂದ. “ನಿನ್ನ ಸಲುವಾಗಿ ಮೂರ ತಾಸ ತುಳದಾಳ ಅವ್ವ. ಮೊಣಕಾಲ ಬಾತೈತಿ ನೋಡು.”

“ನನ್ನ ಎದಿ ಎರಡ ವರ್ಷದಿಂದ ಬಾತೈತಿ. ಅದನ್ನ ಯಾರ ನೋಡೀರಿ?”

“ಅವ್ವಾ, ಆ ಲೇಬಲ್…” ಎಂದು ಶೈಲಾ ಬಾಯಿ ತೆರೆದಳು. ತಾಯಿ ತಿರುಗಿ ನೋಡಿದ ರೀತಿಗೆ ಮಾತು ಅಲ್ಲೇ ಬಿತ್ತು. ಅಂದು ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಹಬ್ಬದ ಮಿಕ್ಕ ಚಕ್ಕುಲಿಯನ್ನು ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ಕೂತು ತಿಂದರು.

ಸೋಮವಾರ ಅನುಸೂಯಾ ಹೊರಟಾಗ ಭೀಮಾಬಾಯಿ ಕುಂಟುತ್ತ ಬೆನ್ನು ಹತ್ತಿದಳು. ಬೇಡವೆಂದರೂ ಕೇಳಲಿಲ್ಲ. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.

ಅಂಗಡಿಯಲ್ಲಿ ರಾಜಾರಾಮ ಶೇಟ ಬಟ್ಟೆಯನ್ನು ಮೇಜಿನ ಮೇಲೆ ಹರವಿದ. ಅವನ ಹಿಂದಿನ ಕಪಾಟಿನಲ್ಲಿ ಅಥಣಿಯ ಹೆಂಗಸಿನ ಶಾಲು ಆಗಲೇ ಮಡಿಚಿ ಇಟ್ಟಿತ್ತು. ಕಂದು ಬಣ್ಣದ್ದು.

“ಇದೇನ ವೈನಿ?”

ಅನುಸೂಯಾ ಬಾಯಿ ತೆರೆಯುವ ಮೊದಲೇ ಭೀಮಾಬಾಯಿ ಮುಂದೆ ಬಂದಳು. “ಶೇಟಜಿ, ತಪ್ಪ ನಂದು. ಆಕಿ ಭಾಳ ಚಂದ ಹೆಣದಿದ್ಲು. ಜಗ್ಗಿತ್ತು ಅಂತ ನಾನಽ ಬಿಸಿನೀರಾಗ ತುಳದೆ. ಆಕೀದ ಏನೂ ತಪ್ಪಿಲ್ಲ.”

“ಜಗ್ಗೂದಽ ಇದು. ಬರೇ ಅಲ್ಪಾಕಾ ಕೊರಳಪಟ್ಟಿಗೆ ಚಲೋ. ಆರು ಫೂಟಿಂದು ತನ್ನ ಭಾರಕ್ಕ ತಾನಽ ಇಳೀತೈತಿ. ತುಂಡ ಹೆಣದು ಒಂದ ದಿನ ತೂಗಹಾಕಿ ನೋಡಿದ್ರ ಗೊತ್ತಾಗ್ತಿತ್ತು. ಯಾರ ಆರಿಸಿದ್ರು ಇದನ್ನ?”

ಮೊಳೆಯಿಂದ ತಾನೇ ಬಿಚ್ಚಿದ ತಂಬಿಗೆ ಅನುಸೂಯಾಳ ಕಣ್ಣ ಮುಂದೆ ಬಂತು.

“ಅದನ್ನೂ ನಾನಽ ಆರಿಸಿದೆ,” ಅಂದಳು ಭೀಮಾಬಾಯಿ. “ಆಕಿ ಕಂದಂದು ತಗೋತೀನಿ ಅಂದ್ಲು. ನಾ ಕೇಳ್ಲಿಲ್ಲ. ಹಿರ್ಯಾರ ಮಾತ ಅಂತ ಆಕಿ ಸುಮ್ಮನಾದ್ಲು.”

ಅತ್ತೆ ತನಗಾಗಿ ಸುಳ್ಳು ಹೇಳುತ್ತಿದ್ದಾಳೆಂದು ತಿಳಿದಾಗ ಅನುಸೂಯಾಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಆಸೆಯಾಯಿತು.

ಶೇಟ ಕನ್ನಡಕ ತೆಗೆದ. “ಹಂಗಾರ ಇನ್ನೂ ಕಷ್ಟ ಆತಲ್ಲ ವೈನಿ. ನೀವಽ ಆರಿಸಿ ತಪ್ಪಿದ್ರ ಮುಂದಿನ ಸಲ ಕಲೀತೀರಿ ಅಂತಿದ್ದೆ. ತಿಳಿದೂ ತಿಳಿದೂ ಮಂದಿ ಮಾತಿಗೆ ನೂಲ ಬಿಟ್ಟಕೊಟ್ಟಿರಿ ಅಂದ್ರ, ನಾಳಿ ಮೂವತ್ತ ಶಾಲಿಗೂ ಮನ್ಯಾಗ ಯಾರಾರ ಬಂದು ಆರಿಸ್ತಾರ, ಯಾರಾರ ಬಂದು ತುಳೀತಾರ. ಹೆಂಗ ಕೊಡ್ಲಿ?”

ಈಗ ಬಾಯಿ ಬಿಡುವ ಹಾಗಿರಲಿಲ್ಲ. ನಿಜ ಹೇಳಿದರೆ, ಸರಿಯಾದ ಮಾತು ಹೇಳಿದವರನ್ನು ತಿರಸ್ಕರಿಸಿ ತಪ್ಪು ನೂಲು ಹಿಡಿದವಳಾಗುತ್ತಾಳೆ, ಅತ್ತೆ ಸುಳ್ಳುಗಾತಿಯಾಗುತ್ತಾಳೆ. ಅನುಸೂಯಾ ಮೇಜಿನ ಗಾಜನ್ನು ನೋಡುತ್ತ ನಿಂತಳು.

ಶೇಟ ಬಟ್ಟೆಯನ್ನು ಮಡಿಚಲು ಹೋದವನು ತಡೆದು ನಿಂತ. ಬೆರಳಿನಿಂದ ಅಂಚು ಸವರಿದ, ಬೆಳಕಿಗೆ ಹಿಡಿದ, ಎರಡೂ ಮಗ್ಗುಲು ತಿರುವಿದ. “ಮಾವಶಿ, ಇದನ್ನ ಕಾಲಿಲೆ ತುಳದದ್ದ? ಮಶೀನಿನ್ಯಾಗ ಹಾಕಿಲ್ಲ?”

“ಕಾಲಿಲೆ.”

“ಒಂದ ಕಡಿನೂ ಗಂಟ ಬಿದ್ದಿಲ್ಲಲ್ಲ. ನಮ್ಮ ದೇಶಿ ಕರಿ ಉಣ್ಣೀಗೂ ಹಿಂಗ ಮಾಡಾಕ ಬರ್ತೈತೇನ?”

“ಅದನ್ನಽ ಮಾಡಿದಾಕಿ ನಾ. ಇದ ಹೊಸಾದು.”

ಶೇಟ ಪುಣೆಗೆ ಫೋನು ಹಚ್ಚಿ, ಬಟ್ಟೆಯನ್ನು ಕ್ಯಾಮರಾಕ್ಕೆ ಹಿಡಿದು ಮರಾಠಿಯಲ್ಲಿ ಮಾತಾಡಿದ. ಆ ಕಡೆಯ ಹೆಂಗಸು ಭೀಮಾಬಾಯಿಯ ಮುಖ ನೋಡಬೇಕೆಂದಳು, ಅವಳ ಕಾಲು ನೋಡಬೇಕೆಂದಳು. ಭೀಮಾಬಾಯಿ ಸೆರಗು ಹೊದ್ದು ಸರಸರ ಮರಾಠಿಯಲ್ಲಿ ಉತ್ತರ ಕೊಟ್ಟಳು. ಕರಿ ಉಣ್ಣೆಯನ್ನು ತುಳಿದು ಮಾಡಿದ, ನೆಲಕ್ಕೆ ಹಾಸಿ ಕೂರುವ ಆಸನ ಬೇಕಂತೆ, ಮೊದಲು ಇಪ್ಪತ್ತು, ಆಮೇಲೆ ಎಷ್ಟಾದರೂ. ಇಳಿಯುವಾಗ ಅಂಗಡಿಯ ಮೆಟ್ಟಿಲನ್ನು ಅವಳು ಕುಂಟದೆ ಇಳಿದಳು. ಬಸ್ಸಿನಲ್ಲಿ ಸೊಸೆಯ ಪಕ್ಕದ ಸೀಟಿನಲ್ಲೇ ಕೂತು ದಾರಿಯುದ್ದಕ್ಕೂ ಮಾತಾಡಿದಳು. ಸೊಸೆಯ ಮುಖದ ಕಡೆ ಅವಳ ಗಮನವಿರಲಿಲ್ಲ. ಹತ್ತು ವರ್ಷ ಸುಮ್ಮನೆ ಕೂತವಳಿಗೆ ಕೆಲಸ ಸಿಕ್ಕಾಗ ಬೇರೆಯವರ ಮುಖ ಕಾಣುವುದಿಲ್ಲ; ಅದನ್ನು ತಪ್ಪು ಅನ್ನುವುದು ಹೇಗೆ?

ಸಂಜೆ ಮನೆಯಲ್ಲಿ ಹಬ್ಬ ಮತ್ತೆ ಬಂದ ಹಾಗಿತ್ತು. ಹಾಲಸಿದ್ದ ಬದುವಿಗೆ ಸುರಿದ ಉಣ್ಣೆಯಲ್ಲಿ ಕೆಟ್ಟಿರದಿದ್ದಷ್ಟನ್ನು ಮೂಟೆ ಕಟ್ಟಿ ತಂದ. ಶಿವಾಜಿ ದೊಡ್ಡಿಯ ಮೂಲೆಯನ್ನು ತೆರವು ಮಾಡಿ ಹೊಸ ಬಂಡೆ ಹಾಕಿಸುತ್ತೇನೆಂದ. ಅನುಸೂಯಾ ಒಲೆಯ ಮುಂದೆ ಕೂತು ರೊಟ್ಟಿ ಬಡಿದು ಒಬ್ಬೊಬ್ಬರ ತಾಟಿಗೂ ಹಾಕಿದಳು. ಬದನೆಕಾಯಿ ಪಲ್ಯ ಚೆನ್ನಾಗಿದೆಯೆಂದು ಎಲ್ಲರೂ ಅಂದರು. ಭೀಮಾಬಾಯಿ ಒಂದು ಕೈಯಲ್ಲಿ ಉಣ್ಣುತ್ತ, ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಉಣ್ಣೆಯೊಳಗಿನ ಮುಳ್ಳು ಆರಿಸುತ್ತಿದ್ದಳು.

ರೊಟ್ಟಿ ಬಡಿದು ಮುಗಿಸಿ ಅನುಸೂಯಾ ಪಡಸಾಲೆಗೆ ಬಂದಳು. “ಇಪ್ಪತ್ತ ಆಸನ ಒಬ್ಬರ ಕೈಲೆ ಆಗೂದಿಲ್ರಿ ಅತ್ಯಾರ. ಉಣ್ಣಿ ಹಿಂಜೂದು, ಹರವೂದು ನಾ ಮಾಡ್ತೀನಿ. ವಖಾರಿ ಬಿಡ್ತೀನಿ,” ಅಂದಳು. ಹೇಳುವ ಮೊದಲು ಮೂರು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು.

“ಇಬ್ಬರೂ ಮನ್ಯಾಗ ಕುಂತ್ರ ಹೆಂಗ?” ಅಂದ ಶಿವಾಜಿ. “ಅವ್ವನ್ನ ಕೇಳು. ಆಕೀದ ಕೆಲಸ, ಆಕಿ ಹೂಂ ಅಂದ್ರ ನಂದೇನೂ ಇಲ್ಲ.”

ಎಲ್ಲರೂ ಭೀಮಾಬಾಯಿಯ ಕಡೆ ನೋಡಿದರು. ಒಂದು ಹೂಂ ಸಾಕಿತ್ತು. ಅನುಸೂಯಾ ಅವಳ ಪಕ್ಕ ಕೂತು, ಕೆಲಸ ಶುರುವಾಯಿತೆನ್ನುವ ಹಾಗೆ ಬುಟ್ಟಿಗೆ ಕೈ ಚಾಚಿದಳು.

ಭೀಮಾಬಾಯಿ ಬುಟ್ಟಿಯನ್ನು ಆಚೆ ಸರಿಸಿದಳು.

“ಬ್ಯಾಡ ಅನಸೂ, ಮುಟ್ಟಬ್ಯಾಡ. ನಿನ್ನ ಕೈಗೆ ತಂಬಾಕಿನ ಘಾಟ ಐತಿ. ಉಣ್ಣಿ ಘಾಟ ಎಳಕೋತೈತಿ, ಪುಣೇದಾಕಿ ಒಲ್ಲೆ ಅಂದಾಳು. ಹನ್ನೆರಡ ವರ್ಷದ್ದು, ತೊಳದ್ರ ಹೋಗೂದಲ್ಲ ಅದು.” ಸಿಟ್ಟಿನಿಂದ ಹೇಳಲಿಲ್ಲ. ಒದ್ದೆ ಕೈಯನ್ನು ಉಪ್ಪಿನ ಗಡಿಗೆಯಲ್ಲಿ ಹಾಕಬೇಡ ಅನ್ನುವ ಹಾಗೆ, ಕೆಲಸ ಬಲ್ಲವರು ಹೇಳುವಂತೆಯೇ ಹೇಳಿದಳು. “ಶೈಲು ಸಾಲಿಯಿಂದ ಬಂದು ಕೈ ಹಚ್ಚತಾಳ. ನೀ ಹೋಗಿ ದುಡಕೊಂಡ ಬಾ.”

ಅನುಸೂಯಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ತಿರುವಿ ತಿರುವಿ ನೋಡಿದಳು.

“ಹನ್ನೆರಡ ವರ್ಷ ಇದಽ ಕೈಲೆ ರೊಟ್ಟಿ ಬಡದ ಹಾಕೀನಲ್ರಿ ಅತ್ಯಾರ,” ಅಂದಳು. “ಅದಕ್ಕ ಘಾಟ ಬರಲಿಲ್ಲೇನ್ರಿ?”

ಹಾಲಸಿದ್ದನ ತುತ್ತು ಬಾಯಿಯ ಹತ್ತಿರ ನಿಂತಿತು. ಶಿವಾಜಿ ಪಲ್ಯದ ಪಾತ್ರೆಯನ್ನು ಹತ್ತಿರ ಎಳೆದುಕೊಂಡ. ಆಮೇಲೆ ತಾಟಿನಲ್ಲಿದ್ದ ರೊಟ್ಟಿಯನ್ನು ಎಲ್ಲರೂ ತಿಂದು ಮುಗಿಸಿದರು.